ಚಂದ್ರನ ಸಂಕೇತಕ್ಕೆ ಶ್ರುತಿ ಕೂಡಿಸಿದ ಬ್ಯಾಲಾಳು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೊಡನೆ ನಿಮಗೆ ರೇಷ್ಮೆಗೂಡು, ಮರದ ಬೊಂಬೆ, ಬಂಡೆಗಲ್ಲಿನ ಬೆಟ್ಟ, ಕೆಂಪೇಗೌಡರ ಕೋಟೆ ನೆನಪಾಗುತ್ತವೆ. ಈ ಸೀಮೆಯ ಅಂಚಿನಲ್ಲಿ, ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ, ಬ್ಯಾಲಾಳು ಎಂಬ ಊರಿದೆ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು. ಅಲ್ಲಿನ ನೆಲ ತಟ್ಟೆಯಂತೆ ತಗ್ಗಾಗಿರುವುದರಿಂದ ಹೊರಗಿನ ರೇಡಿಯೋ ಗದ್ದಲ ಕಡಿಮೆ. ಇಸ್ರೋ ಸಂಸ್ಥೆ ಇದೇ ಸ್ಥಳದಲ್ಲಿ 32 ಮೀಟರು ಮತ್ತು 18 ಮೀಟರು ವ್ಯಾಸದ ಎರಡು ಆಂಟೆನಾಗಳನ್ನು ನಿಲ್ಲಿಸಿತು. 2008ರ ಅಕ್ಟೋಬರ್ 17ರಂದು ಕೇಂದ್ರದ ಉದ್ಘಾಟನೆಯಾಯಿತು. ಐದೇ ದಿನಗಳ ನಂತರ, ಅಕ್ಟೋಬರ್ 22ರಂದು, ಚಂದ್ರಯಾನ-1 ಆಕಾಶಕ್ಕೇರಿತು.

ದೊಡ್ಡ ಆಂಟೆನಾ ಇದ್ದ ಮಾತ್ರಕ್ಕೆ ಸಂಕೇತ ಕೈಗೆ ಸಿಗುತ್ತದೆಯೆ? ಇಲ್ಲ. ಬರುವ ಅಲೆಯ ಆವೃತ್ತಿಗೆ ಸರಿಯಾಗಿ ಕಂಪಿಸುವ ಇನ್ನೊಂದು ಅಲೆಯನ್ನು ಗ್ರಾಹಕ ಯಂತ್ರ ತಾನೇ ಹುಟ್ಟಿಸಿ, ಎರಡರ ಹೆಜ್ಜೆಯನ್ನೂ ಕೂಡಿಸಬೇಕು. ಈ ಕೆಲಸ ಮಾಡುವ ಮಂಡಲಕ್ಕೆ ಫೇಸ್ ಲಾಕ್ಡ್ ಲೂಪ್ ಎಂದು ಹೆಸರು. ಹೆಜ್ಜೆ ಕೂಡಿಸುವ ಕುಣಿಕೆ ಎಂದು ಕರೆಯೋಣ.

ಈ ವಿಚಾರದ ಬೇರು ಹಳೆಯದು. 1665ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್, ಒಂದೇ ಆಧಾರಕ್ಕೆ ತೂಗುಹಾಕಿದ ಎರಡು ಲೋಲಕ ಗಡಿಯಾರಗಳು ತಾವಾಗಿಯೇ ಹೊಂದಿಕೊಂಡು ತೂಗುವುದನ್ನು ಕಂಡರು. ಕೆಡಿಸಿ ಬಿಟ್ಟರೂ ಅರ್ಧ ಗಂಟೆಯೊಳಗೆ ಅವು ಮತ್ತೆ ಹೊಂದಿಕೊಳ್ಳುತ್ತಿದ್ದವು. 1932ರಲ್ಲಿ ಫ್ರಾನ್ಸಿನ ಎಂಜಿನಿಯರ್ ದ ಬೆಲ್ಸಿಜ್ ಇದೇ ತತ್ತ್ವವನ್ನು ರೇಡಿಯೋ ಗ್ರಾಹಕಕ್ಕೆ ಅಳವಡಿಸುವ ವಿಧಾನವನ್ನು ಪ್ರಕಟಿಸಿದರು. ಮುಂದೆ ಟೆಲಿವಿಷನ್ ಪೆಟ್ಟಿಗೆಗಳಲ್ಲಿ ಚಿತ್ರದ ಗೆರೆಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಇದರ ಪಾಲಿಗೆ ಬಂತು. ಹಳೆಯ ಪೆಟ್ಟಿಗೆಗಳಲ್ಲಿ ಚಿತ್ರ ಓರೆಯಾಗಿ ಹರಿದು ಮತ್ತೆ ನೆಟ್ಟಗಾಗುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಹೆಜ್ಜೆ ತಪ್ಪಿ ಮತ್ತೆ ಕೂಡಿಕೊಳ್ಳುವುದೆಂದರೆ ಅದೇ.

ಇಲ್ಲೊಂದು ಇಕ್ಕಟ್ಟಿದೆ. ಕುಣಿಕೆಗೆ ಒಂದು ಕಿಂಡಿ ಇದೆ ಎಂದುಕೊಳ್ಳಿ. ಕಿಂಡಿ ಅಗಲವಾಗಿದ್ದರೆ ಅಲೆ ಬೇಗ ಸಿಗುತ್ತದೆ, ಆದರೆ ಗದ್ದಲವೂ ಒಳನುಗ್ಗುತ್ತದೆ. ಕಿರಿದಾಗಿದ್ದರೆ ಗದ್ದಲ ನಿಲ್ಲುತ್ತದೆ, ಆದರೆ ಅಲೆ ಸಿಗುವುದು ತಡ. ಆವೃತ್ತಿಗಳ ಅಂತರ ದೊಡ್ಡದಿದ್ದಾಗ ಲೆಕ್ಕ ಇನ್ನೂ ಕಠಿಣ. ಅಂತರ ಎರಡರಷ್ಟಾದರೆ ಕಾಯುವ ಹೊತ್ತು ನಾಲ್ಕರಷ್ಟು. ಕಿಂಡಿ ಅರ್ಧವಾದರೆ ಎಂಟರಷ್ಟು. ಕ್ಷೀಣ ಸಂಕೇತಕ್ಕೂ ಗದ್ದಲಕ್ಕೂ ತಕ್ಕಂತೆ ಕುಣಿಕೆಯನ್ನು ರೂಪಿಸುವ ಬಗೆಯನ್ನು ಅಮೆರಿಕದ ಜಾಫೆ ಮತ್ತು ರೆಕ್ಟಿನ್ 1955ರಲ್ಲಿ ವಿವರಿಸಿದರು. ವ್ಯೋಮಯಾನಕ್ಕೆ ಅದು ದಾರಿ ತೋರಿತು.

ಈಗ ಬ್ಯಾಲಾಳಿಗೆ ಮರಳೋಣ. ಚಂದ್ರಯಾನ-1 ಮೊದಲು 100 ಕಿಲೋಮೀಟರು ಎತ್ತರದಲ್ಲಿ, ಸುಮಾರು ಎರಡು ಗಂಟೆಗೆ ಒಂದರಂತೆ ಚಂದ್ರನನ್ನು ಸುತ್ತಿತು. ಕಕ್ಷೆಯ ಅಂಚು ನಮ್ಮ ಕಡೆಗಿರುವ ದಿನಗಳಲ್ಲಿ ನೌಕೆ ಪ್ರತಿ ಸುತ್ತಿಗೂ ಸುಮಾರು 45 ನಿಮಿಷ ಚಂದ್ರನ ಮರೆಗೆ ಹೋಗುತ್ತದೆ. ಮರೆಯಾಗುವಾಗ ಅದು ಸೆಕೆಂಡಿಗೆ ಒಂದೂವರೆ ಕಿಲೋಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿರುತ್ತದೆ. ಹೊರಬರುವಾಗ ಅದೇ ವೇಗದಲ್ಲಿ ನಮ್ಮತ್ತ ಬರುತ್ತಿರುತ್ತದೆ. ರೈಲು ಹತ್ತಿರ ಬರುವಾಗ ಸಿಳ್ಳೆಯ ಸ್ವರ ಏರಿ, ದಾಟಿದ ಮೇಲೆ ಇಳಿಯುವಂತೆ ಅಲೆಯ ಆವೃತ್ತಿಯೂ ಬದಲಾಗುತ್ತದೆ. 2.2 ಗಿಗಾಹರ್ಟ್ಸ್ ಅಲೆಗೆ ಈ ಬದಲಾವಣೆ ಅತ್ತ 11, ಇತ್ತ 11 ಕಿಲೋಹರ್ಟ್ಸ್‌ನಷ್ಟು. ಸಂಕೇತ ಕಳೆದುಹೋದ ಆವೃತ್ತಿಯಲ್ಲೇ ಗ್ರಾಹಕ ಕಾದು ಕುಳಿತರೆ ಅದು 22 ಕಿಲೋಹರ್ಟ್ಸ್ ದೂರದಲ್ಲಿ ಕುಳಿತಂತೆ! ತಡವಾದ ಪ್ರತಿ ಸೆಕೆಂಡಿನ ಮಾಹಿತಿಯೂ ನಷ್ಟ.

ಹಾಗಾದರೆ ಉಪಾಯವೇನು? ತಂಬೂರಿ ಶ್ರುತಿ ಮಾಡುವವರನ್ನು ನೋಡಿ. ಮೊದಲು ಬಿರಡೆ ತಿರುಗಿಸಿ ತಂತಿಯನ್ನು ಸ್ವರದ ಸಮೀಪಕ್ಕೆ ತರುತ್ತಾರೆ. ಆಮೇಲೆ ಮಣಿ ಸರಿಸಿ ಸೂಕ್ಷ್ಮವಾಗಿ ಕೂಡಿಸುತ್ತಾರೆ. ವ್ಯೋಮ ಸಂಪರ್ಕ ಕೇಂದ್ರಗಳಲ್ಲೂ ಇದೇ ಕ್ರಮ. ಕಕ್ಷೆಯ ಗಣಿತದಿಂದ ಬರಲಿರುವ ಆವೃತ್ತಿಯನ್ನು ಮೊದಲೇ ಲೆಕ್ಕಹಾಕಿ ಗ್ರಾಹಕವನ್ನು ಅದರ ಹತ್ತಿರ ನಿಲ್ಲಿಸುತ್ತಾರೆ. ಆಸುಪಾಸಿನಲ್ಲಿ ಹುಡುಕುತ್ತಾರೆ. ಅಗಲ ಕಿಂಡಿಯಲ್ಲಿ ಅಲೆಯನ್ನು ಹಿಡಿದು, ಹಿಡಿದ ಮೇಲೆ ಕಿಂಡಿಯನ್ನು ಕಿರಿದುಗೊಳಿಸುತ್ತಾರೆ. 2009ರ ಆಗಸ್ಟ್ 29ರಂದು ಸಂಪರ್ಕ ಕಡಿಯುವವರೆಗೆ ಚಂದ್ರಯಾನ-1 ಚಂದ್ರನಿಗೆ 3,400ಕ್ಕೂ ಹೆಚ್ಚು ಸುತ್ತು ಹಾಕಿತು. ಚಂದ್ರನ ನೆಲದಲ್ಲಿ ನೀರಿನ ಕುರುಹು ಇದೆಯೆಂಬ ಸುದ್ದಿ ಜಗತ್ತಿಗೆ ತಿಳಿದದ್ದು ಅದರ ಉಪಕರಣಗಳು ಕಳಿಸಿದ ಮಾಹಿತಿಯಿಂದ. ಹೆಜ್ಜೆ ಕೂಡದಿದ್ದರೆ ಆ ಮಾಹಿತಿ ನೆಲ ಮುಟ್ಟುತ್ತಿರಲಿಲ್ಲ.

ಈ ಉಪಾಯ ಈಗ ನಿಮ್ಮ ಕಿಸೆಯಲ್ಲೂ ಇದೆ. ಮೊಬೈಲ್, ಕಂಪ್ಯೂಟರುಗಳ ಚಿಪ್‌ಗಳಲ್ಲಿ ಸ್ಫಟಿಕವೊಂದರ ನಿಧಾನ ಮಿಡಿತದಿಂದ ಅತಿ ವೇಗದ ಗಡಿಯಾರ ಮಿಡಿತವನ್ನು ಪಡೆಯುವುದು ಇಂಥ ಕುಣಿಕೆಯೇ. ಅದರ ವಿಶಾಲ ವ್ಯಾಪ್ತಿಯನ್ನು 64 ಪಟ್ಟಿಗಳಾಗಿ ವಿಂಗಡಿಸಿದ್ದಾರೆ ಎನ್ನೋಣ. ಒಂದೊಂದನ್ನೇ ಪರೀಕ್ಷಿಸಿದರೆ 64 ಸರದಿ ಬೇಕಾದೀತು. ಪ್ರತಿ ಸಲವೂ ನಡುವಿನ ಪಟ್ಟಿಯನ್ನು ನೋಡಿ ಅರ್ಧ ಭಾಗವನ್ನು ಕೈಬಿಡುತ್ತ ಹೋದರೆ ಆರೇ ಸರದಿ ಸಾಕು. ಉಳಿದ ಸೂಕ್ಷ್ಮ ಕೆಲಸವನ್ನು ಕುಣಿಕೆ ಮುಗಿಸುತ್ತದೆ.

ಬ್ಯಾಲಾಳಿನಲ್ಲಿ 2013ರ ಮೇ 28ರಂದು ನಮ್ಮ ದೇಶದ ಪಥದರ್ಶಕ ಉಪಗ್ರಹಗಳ ಕೇಂದ್ರವೂ ಆರಂಭವಾಯಿತು. ಆ ಉಪಗ್ರಹಗಳ ಸಂಕೇತಕ್ಕೂ ಗ್ರಾಹಕ ಹೆಜ್ಜೆ ಕೂಡಿಸಲೇಬೇಕು. ಎಲ್ಲಿ ಹುಡುಕಬೇಕೆಂದು ಮೊದಲೇ ಲೆಕ್ಕ ಹಾಕಿದವರಿಗೆ ಹುಡುಕಿದ್ದು ಬೇಗ ಸಿಗುತ್ತದೆ. ನೀವು ತರಗತಿಯಲ್ಲಿ ಕಲಿಯುವ ತರಂಗಗಳ ಪಾಠ, ವೃತ್ತಗಳ ಗಣಿತ, ಇವೆರಡೂ ಸೇರಿಯೇ ಆ ಲೆಕ್ಕ ಎಂಬುದನ್ನು ಮರೆಯಬೇಡಿ.