ಹಡಗನ್ನೆಳೆಯುವ ಪುಟ್ಟ ಟಗ್

ರಾಷ್ಟ್ರೀಯ ನೌಕಾಯಾನ ದಿನದ ನೆನಪಿಗೆಂದು 1965ರ ಏಪ್ರಿಲ್ 5ರಂದು ನಮ್ಮ ಅಂಚೆ ಇಲಾಖೆ 15 ಪೈಸೆಯ ಚೀಟಿಯೊಂದನ್ನು ಹೊರತಂದಿತು. ಅದರಲ್ಲಿರುವುದು ವಿಶಾಖಪಟ್ಟಣದಲ್ಲಿ ಕಟ್ಟಿದ 'ಜಲಉಷಾ' ಹಡಗು. ದೊಡ್ಡ ಹಡಗಿಗೆ ಅಂಥ ಮರ್ಯಾದೆ ಸಲ್ಲುವುದು ಸಹಜವೇ. ಅದನ್ನು ಎಳೆದು ತಂದು ಧಕ್ಕೆಗೆ ಒರಗಿಸುವ ಟಗ್‌ಗೆ ಮಾತ್ರ ಆ ಭಾಗ್ಯ ಅಪರೂಪ. ಕೆಲವು ದೇಶಗಳು ತಮ್ಮ ಹಳೆಯ ಉಗಿ ಟಗ್‌ಗಳನ್ನೂ ಚೀಟಿಗೇರಿಸಿದ್ದುಂಟು.

ಹಡಗಿನ ಚುಕ್ಕಾಣಿ ಮಾತು ಕೇಳುವುದು ನೀರು ಅದನ್ನು ಬಿರುಸಾಗಿ ಸವರಿಕೊಂಡು ಹೋಗುವಾಗ. ಬಂದರಿನೊಳಗೆ ವೇಗ ತಗ್ಗಿತೋ, ಗಾಳಿ ತಳ್ಳಿದತ್ತ ಹಡಗು. ಟಗ್ ಬೇಕಾಗುವುದು ಇಲ್ಲಿಯೇ. 1803ರಲ್ಲಿ ಸ್ಕಾಟ್‌ಲೆಂಡಿನ ಕಾಲುವೆಯೊಂದರಲ್ಲಿ 'ಷಾರ್ಲೆಟ್ ಡಂಡಾಸ್' ಎಂಬ ಉಗಿದೋಣಿ ಎದುರುಗಾಳಿಯಲ್ಲೇ ಎರಡು ಸರಕು ದೋಣಿಗಳನ್ನು ಸುಮಾರು 30 ಕಿ.ಮೀ. ಎಳೆಯಿತು. ಅಲೆಗೆ ದಡ ಕೊರೆದೀತೆಂದು ಕಾಲುವೆಯ ಒಡೆಯರು ಹೆದರಿದರು. ದೋಣಿ ಮೂಲೆಗೆ ಬಿತ್ತು!

ಉಗಿ ಟಗ್‌ನ ಬಾಯ್ಲರ್ ಒಮ್ಮೆ ತಣ್ಣಗಾದರೆ ಮತ್ತೆ ಉಗಿ ಏರಲು ಗಂಟೆಗಟ್ಟಲೆ ಬೇಕು. ಆದ್ದರಿಂದ ಕೆಲಸವಿಲ್ಲದ ರಾತ್ರಿಯೂ ಬೆಂಕಿ ಆರಿಸುತ್ತಿರಲಿಲ್ಲ. ನಮ್ಮ ಅಜ್ಜಿಯಂದಿರು ಕೆಂಡಕ್ಕೆ ಬೂದಿ ಮುಚ್ಚಿ ಬೆಳಗಿನ ಒಲೆಗೆ ಉಳಿಸಿದಂತೆ, ಉರಿ ತಗ್ಗಿಸಿ ಕಾಯುತ್ತಿದ್ದರು. ಕೆಳಗೆ ಆ ಸೆಕೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವವನಿಗೆ ಮೇಲೆ ನಡೆಯುವುದೇನೂ ಕಾಣದು. ಅಪಾಯ ಇದ್ದುದು ಹಗ್ಗದಲ್ಲಿ. ದೊಡ್ಡ ಹಡಗು ಹಗ್ಗವನ್ನು ಅಡ್ಡಕ್ಕೆ ಜಗ್ಗಿದರೆ ಟಗ್ ಕ್ಷಣಾರ್ಧದಲ್ಲಿ ಮಗುಚಿಕೊಳ್ಳಬಹುದು. ಥಟ್ಟನೆ ಕಳಚಬಲ್ಲ ಕೊಕ್ಕೆ ಬಂದದ್ದು ಅದಕ್ಕೇ. ಆಗ ಎಳೆಯಲು ತೆಂಗಿನ ನಾರಿನ ಹಗ್ಗವೂ ಬಳಕೆಯಲ್ಲಿತ್ತು. ಅದು ತೇಲುತ್ತದೆ, ಹಿಗ್ಗಿ ಜಗ್ಗಾಟವನ್ನು ತಾಳಿಕೊಳ್ಳುತ್ತದೆ. ಆ ನಾರಿನ ವ್ಯಾಪಾರ ಮಂಗಳೂರಿಗೆ ಹೊಸತಲ್ಲ: 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮೀನ್‌ದೀವಿ ದ್ವೀಪಗಳ ನಾರು ಬಂದು ಇಳಿಯುತ್ತಿದ್ದುದು ಅಲ್ಲಿಗೇ.

ಇಷ್ಟಾದರೂ ನಮ್ಮ ಕರಾವಳಿಯಲ್ಲಿ ಉಗಿ ಟಗ್‌ಗೆ ಹೆಚ್ಚಿನ ಕೆಲಸವಿರಲಿಲ್ಲ. ಅಳಿವೆಗಳು ಆಳವಿಲ್ಲದವು. ಹಡಗು ದೂರದಲ್ಲೇ ಲಂಗರು ಹಾಕುತ್ತಿತ್ತು. ಹೆಂಚು, ಅಕ್ಕಿ, ಜನ ಎಲ್ಲವನ್ನೂ ಮಂಜಿ, ದೋಣಿಗಳು ಸಾಗಿಸಬೇಕು. ಮಳೆಗಾಲದಲ್ಲಿ ಅದೂ ಬಂದ್. ಪಣಂಬೂರಿನ ಹೊಸ ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾಗುವ ಹೊತ್ತಿಗೆ ಟಗ್‌ಗಳಲ್ಲಿ ಡೀಸೆಲ್ ಬಂದು ಕಲ್ಲಿದ್ದಲಿನ ಕಾಲ ಮುಗಿದಿತ್ತು.

ಆದರೆ ಟಗ್ ಮಲ್ಪೆಗೆ ಬಂದೇ ಬಂತು, ಬೇರೊಂದು ದಾರಿಯಲ್ಲಿ. ದಿವಾಳಿಯಾಗಿದ್ದ ಟೆಬ್ಮಾ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. ಅದೀಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. 2023-24ರ ಸಾಲಿನಲ್ಲಿ ಅಲ್ಲಿಂದ ಹೊರಟ 'ಓಷನ್ ಗ್ರೇಸ್' ಟಗ್‌ನ ಎಳೆತದ ಬಲ ಸುಮಾರು 60 ಟನ್. ಈ ಬಲ ಅಳೆಯುವ ಬಗೆ ಸರಳ: ಟಗ್ಗನ್ನು ದಡದ ಗೂಟಕ್ಕೆ ಹಗ್ಗದಿಂದ ಬಿಗಿದು, ಎಂಜಿನ್ನಿನ ಪೂರ್ತಿ ಶಕ್ತಿ ಹಾಕಿ ಜಗ್ಗಿಸುತ್ತಾರೆ. ಕರಾವಳಿಯ ಕಂಬಳದ ಕೋಣಗಳಿಗೂ ಇಂಥ ಪರೀಕ್ಷೆ ಇಲ್ಲ.