ಮಹಾಯುದ್ಧಾನಂತರದ ವರ್ಷಗಳಲ್ಲಿ ತುಳುನಾಡಿನ ಜೈನ ಮನೆ ಮತ್ತು ಬಾಲ್ಯ

ತುಳುನಾಡಿನ ಜೈನರ ಇತಿಹಾಸವೆಂದೊಡನೆ 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರಲ್ಲಿ ವೀರಪಾಂಡ್ಯ ಭೈರರಸನು ಕಾರ್ಕಳದಲ್ಲಿ ಸ್ಥಾಪಿಸಿದ ಬಾಹುಬಲಿ, 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿ ನಿಲ್ಲಿಸಿದ ಬಾಹುಬಲಿ, ಇವೇ ಕಣ್ಣ ಮುಂದೆ ಬರುತ್ತವೆ. ಶಿಲಾಶಾಸನಗಳು ಅರಸರ ದಾನದತ್ತಿಗಳನ್ನು ವಿವರವಾಗಿ ಹೇಳುತ್ತವೆ. ಆದರೆ ಆ ಅರಸೊತ್ತಿಗೆಗಳು ಅಳಿದ ಮೇಲೆಯೂ ಊರೂರಿನ ಸಣ್ಣ ಬಸದಿಗಳಲ್ಲಿ ದೀಪ ಉರಿಯುತ್ತ ಬಂದುದು ಹೇಗೆಂಬ ಪ್ರಶ್ನೆಗೆ ಶಾಸನಗಳಲ್ಲಿ ಉತ್ತರ ದೊರೆಯದು. ಅದನ್ನು ಮನೆಗಳ ಚಾವಡಿಯಲ್ಲಿಯೂ ಅಡಿಗೆಮನೆಯಲ್ಲಿಯೂ ಹುಡುಕಬೇಕು. ಆ ಮನೆಗಳು ಇನ್ನೂ ಇಡಿಯಾಗಿದ್ದುದನ್ನು ಕೊನೆಯದಾಗಿ ಕಂಡವರು, ಎರಡನೆಯ ಮಹಾಯುದ್ಧ ಮುಗಿದ 1945ರಿಂದ ರಾಜ್ಯ ಪುನರ್ವಿಂಗಡಣೆಯಾದ 1956ರವರೆಗಿನ ಅವಧಿಯಲ್ಲಿ ಬಾಲ್ಯವನ್ನು ಕಳೆದವರು. ಅವರಲ್ಲಿ ಹೆಚ್ಚಿನವರು ಈಗ ಎಂಬತ್ತನ್ನು ದಾಟಿದ್ದಾರೆ.

ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸಿನ ಆಡಳಿತಕ್ಕೆ ಸೇರಿತ್ತು. ಯುದ್ಧವೇನೋ ನಿಂತಿತು, ಆದರೆ ಅದು ತಂದ ಅಭಾವ ನಿಲ್ಲಲಿಲ್ಲ. 1942ರಲ್ಲಿ ಬರ್ಮಾ ಜಪಾನೀಯರ ವಶವಾದಂದಿನಿಂದ ಅಲ್ಲಿಯ ಅಕ್ಕಿಯೂ ಚಿಮಿಣಿ ಎಣ್ಣೆಯೂ ದುರ್ಲಭವಾಗಿದ್ದವು. ಬಟ್ಟೆಯ ಮೇಲೆ 1943ರಲ್ಲಿಯೇ ನಿಯಂತ್ರಣ ಬಂದಿತ್ತು. ರೇಷನ್ ಚೀಟಿ, ಕಂಟ್ರೋಲ್ ಅಂಗಡಿ ಎಂಬ ಮಾತುಗಳು ಅಕ್ಷರ ಕಲಿಯುವ ಮೊದಲೇ ಮಕ್ಕಳ ಬಾಯಿಗೆ ಬಂದವು. ತಾಮ್ರವನ್ನು ಉಳಿಸಲೆಂದು 1943ರಿಂದ ಅಚ್ಚು ಹಾಕಿದ, ನಡುವೆ ತೂತಿದ್ದ ಕಾಲಾಣೆಯ ನಾಣ್ಯ ಕರಾವಳಿಯ ಜನರ ಮಾತಿನಲ್ಲಿ 'ಓಟೆ ಮುಕ್ಕಾಲು' ಆಯಿತು. ಅದನ್ನು ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡ ಬಾಲಕನಿಗೆ ಅದು ಯುದ್ಧದ ಕೊಡುಗೆಯೆಂದು ತಿಳಿದಿರಲಿಲ್ಲ. ಆಹಾರಧಾನ್ಯದ ನಿಯಂತ್ರಣವನ್ನು ರಾಜಾಜಿಯವರ ಮಂತ್ರಿಮಂಡಲ 1952ರಲ್ಲಿ ತೆಗೆದುಹಾಕಿದಾಗ, ಯುದ್ಧ ಮುಗಿದು ಏಳು ವರ್ಷಗಳಾಗಿದ್ದವು.

ಈ ಅಭಾವ ಜೈನ ಮನೆಗಳನ್ನು ತಟ್ಟಿದ ರೀತಿ ಸ್ವಲ್ಪ ಬೇರೆ. ಅಕ್ಕಿ ಸಾಲದಾದಾಗ ನೆರೆಹೊರೆಯವರಿಗೆ ಗೆಣಸು, ಕೆಸುವಿನ ಗೆಡ್ಡೆಗಳು ಆಧಾರವಾಗುತ್ತಿದ್ದವು. ಕಂದಮೂಲಗಳನ್ನು ತ್ಯಜಿಸಿದ ಶ್ರಾವಕರಿಗೆ ಆ ದಾರಿ ಇರಲಿಲ್ಲ. ಎಲ್ಲ ಮನೆಗಳಲ್ಲಿಯೂ ನಿಯಮ ಒಂದೇ ಬಿಗಿಯಲ್ಲಿತ್ತೆಂದು ಹೇಳಲಾಗದು. ಆದರೆ ಹಿರಿಯ ಹೆಂಗಸರಿದ್ದ ಮನೆಗಳಲ್ಲಿ ಅದು ಸಡಿಲವಾಗುತ್ತಿರಲಿಲ್ಲ. ಬಾಳೆಕಾಯಿಯೂ ಹಲಸೂ ಅಲ್ಲಿ ಕೈಹಿಡಿದವು. ಬೇಸಗೆಯಲ್ಲಿ ಅಂಗಳದ ಚಾಪೆಗಳ ಮೇಲೆ ಹಲಸಿನ ಹಪ್ಪಳ ಒಣಗುವುದು, ಕಾಗೆ ಓಡಿಸಲು ಮಕ್ಕಳು ಕೋಲು ಹಿಡಿದು ಕಾಯುವುದು, ಕಾದವರೇ ಅರ್ಧ ಒಣಗಿದ ಹಪ್ಪಳವನ್ನು ಕದ್ದು ತಿನ್ನುವುದು, ಹಲಸಿನ ಬೀಜಗಳಿಗೆ ಕೆಮ್ಮಣ್ಣು ಸವರಿ ಮಳೆಗಾಲಕ್ಕೆ ಕಾದಿಡುವುದು, ಇವು ಆ ತಲೆಮಾರಿನವರೆಲ್ಲರ ನೆನಪಿನಲ್ಲಿ ಬೆರೆತಿವೆ. ಬಂದ ಅತಿಥಿಗೆ ಬೆಲ್ಲ, ನೀರು. ಸಕ್ಕರೆ ಹಾಕಿದ ಕಾಫಿ ದೊಡ್ಡ ಮನ್ನಣೆಯಾಗಿತ್ತು.

ಇನ್ನೊಂದು ದಿಕ್ಕಿನಲ್ಲಿ ವ್ರತವೇ ಅಭಾವವನ್ನು ಹಗುರ ಮಾಡಿತು. ಸೂರ್ಯಾಸ್ತಕ್ಕೆ ಮುಂಚೆಯೇ ಊಟ ಮುಗಿಯುವ ಮನೆಗೆ ಅಡಿಗೆಗೂ ಬಡಿಸುವುದಕ್ಕೂ ದೀಪ ಬೇಡ. ಶಾಲೆಯಿಂದ ಬಂದ ಮಕ್ಕಳು ಕೈಕಾಲು ತೊಳೆದು ಬಾಳೆಯೆಲೆಯ ಮುಂದೆ ಕುಳಿತಾಗ ಪಡುವಣ ಬಾನಿನಲ್ಲಿ ಇನ್ನೂ ಬೆಳಕಿರುತ್ತಿತ್ತು. ಆಟದಲ್ಲಿ ಹೊತ್ತು ಮೀರಿದವನಿಗೆ ಬಯ್ಗಳದ ಅಗತ್ಯವಿರಲಿಲ್ಲ. ಮರುದಿನ ಬೆಳಗಿನ ಗಂಜಿಯವರೆಗೆ ಹಸಿವೇ ಗುರು. ಕತ್ತಲಾದ ಮೇಲೆ ಚಾವಡಿಯಲ್ಲಿ ಉಳಿಯುತ್ತಿದ್ದುದು ತೆಂಗಿನೆಣ್ಣೆಯ ಒಂದೇ ದೀಪ. ಓದಲು ಸಾಲದ ಆ ಬೆಳಕಿನಲ್ಲಿ ಅಜ್ಜಿಯರು ರತ್ನಾಕರವರ್ಣಿಯ 'ಭರತೇಶವೈಭವ'ದ ಸಾಂಗತ್ಯಗಳನ್ನು ಬಾಯಿಪಾಠದಿಂದಲೇ ಹಾಡುತ್ತಿದ್ದರು. ಹದಿನಾರನೆಯ ಶತಮಾನದ ಆ ಕೃತಿ ಅಕ್ಷರ ಬಾರದವರ ಕಂಠದಲ್ಲಿ ಸುರಕ್ಷಿತವಾಗಿತ್ತು. ಇದೇ ಕಾಲದಲ್ಲಿ, 1948ರಲ್ಲಿ, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿತು. ಓಲೆಯ ಗ್ರಂಥಗಳಿಗೆ ಸೂಚಿ ಬಂದಿತು. ಅಜ್ಜಿಯರ ಕಂಠದಲ್ಲಿದ್ದುದಕ್ಕೆ ಬರಲಿಲ್ಲ.

ಮಕ್ಕಳಿಗೆ ಅಹಿಂಸೆಯ ಮೊದಲ ಪಾಠವಾಗುತ್ತಿದ್ದುದು ಬಾವಿಕಟ್ಟೆಯಲ್ಲಿ. ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು. ಬಳಿಕ ಆ ಬಟ್ಟೆಯನ್ನು ಮಗುಚಿ, ಮೇಲೆ ನೀರು ಹೊಯ್ದು, ಅದರಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಬಿಡಬೇಕು. ಉಡುವ ಬಟ್ಟೆಯೇ ಅಳತೆಯಲ್ಲಿ ದೊರೆಯುತ್ತಿದ್ದ ದಿನಗಳಲ್ಲಿಯೂ ಸೋಸುವ ಬಟ್ಟೆಗೆ ಒಂದು ಪಾಲು ಮೀಸಲಾಗಿತ್ತು. ನವರಾತ್ರಿಯ ಅಷ್ಟಮಿಯಂದು ಜೀವದಯಾಷ್ಟಮಿಯ ನೋಂಪಿ. ಅಂದು ಹಿಟ್ಟಿನ ಕೋಳಿಯ ಕಥೆ. ಜನ್ನನು 1209ರಲ್ಲಿ 'ಯಶೋಧರ ಚರಿತೆ'ಯಲ್ಲಿ ಹೇಳಿದ ಈ ಕಥೆಯನ್ನು ಸುತ್ತಲೂ ಕೋಳಿ ಅಂಕ ನಡೆಯುವ, ಭೂತದ ಕೋಲದಲ್ಲಿ ಕೋಳಿಯ ರಕ್ತ ಸಲ್ಲುವ ನಾಡಿನಲ್ಲಿ ಕೇಳುವ ಮಗುವಿಗೆ ಅದು ಹಳೆಯ ಪುರಾಣವಾಗಿ ಕಾಣುತ್ತಿರಲಿಲ್ಲ. ದೈವಗಳ ಚಾಕರಿಯ ಹೊಣೆ ಹೊತ್ತ ಜೈನ ಗುತ್ತುಗಳೂ ಇದ್ದವೆಂಬುದನ್ನು ನೆನೆದರೆ ಈ ಮಾತಿನ ಭಾರ ತಿಳಿಯುತ್ತದೆ.

ಬಸದಿಯ ನಿತ್ಯ ನೈವೇದ್ಯಕ್ಕೆ ಸಲ್ಲುವ ಅಕ್ಕಿಗೆ ಅಮೃತಪಡಿ ಎಂದು ಹೆಸರು. ಶಾಸನಗಳಲ್ಲಿಯೂ ಬರುವ ಶಬ್ದವಿದು. ಗೇಣಿಯಾಗಿ ಬಂದ ಅಕ್ಕಿಯ ಮುಡಿಗಳಲ್ಲಿ ಬಸದಿಯ ಪಾಲನ್ನು ಮೊದಲು ತೆಗೆದಿಟ್ಟು, ಉಳಿದುದನ್ನು ಪತ್ತಾಯಕ್ಕೆ ಸೇರಿಸುವುದು ಮನೆವಾರ್ತೆಯ ಕ್ರಮವಾಗಿತ್ತು. ಆ ಅಕ್ಕಿಯನ್ನೂ ಹೂವನ್ನೂ ಹಿಡಿದು ಬೆಳಗ್ಗೆ ಬಸದಿಗೆ ಹೋಗುವ ಕೆಲಸ ಬಹುಮಟ್ಟಿಗೆ ಮಕ್ಕಳದು. ದಾರಿಯಲ್ಲಿ ಚೆಲ್ಲಿದ ಕಾಳುಗಳ ಲೆಕ್ಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಳೆದು ತೆಗೆದುಕೊಳ್ಳುವ ಇಂದ್ರರಿಗೆ ಮಾತ್ರ ಗೊತ್ತಾಗುತ್ತಿತ್ತು. ಅವರು ಗಂಧೋದಕ ಕೊಟ್ಟು, ನಕ್ಕು, ಸುಮ್ಮನಾಗುತ್ತಿದ್ದರು.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇದೆ. ಇಂತಹ ಸ್ಮರಣೆಗಳನ್ನು ಬರೆದಿಟ್ಟವರು ಹೆಚ್ಚಾಗಿ ದೊಡ್ಡ ಮನೆಗಳವರು. ಅದೇ ಅಂಗಳದಲ್ಲಿ ಭತ್ತ ಬಡಿದ ಒಕ್ಕಲುಮಕ್ಕಳ ಬಾಲ್ಯ ಬೇರೆಯಾಗಿತ್ತು. ಮನೆಯೊಳಗೂ ಸಮತೆ ಇರಲಿಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಮನೆತನ ನಡೆಯುವುದು ಹೆಣ್ಣಿನ ಬಳ್ಳಿಯಲ್ಲಿ. ಯಜಮಾನಿಕೆ ನಡೆಸುವವನು ಸಾಮಾನ್ಯವಾಗಿ ಸೋದರಮಾವ. ಹೀಗೆ ಮನೆಯ ಮೂಲವೇ ಆದ ಹೆಣ್ಣುಮಗಳ ಓದು ಮಾತ್ರ ಅನೇಕ ಮನೆಗಳಲ್ಲಿ ಊರ ಶಾಲೆಯ ಕೊನೆಯ ತರಗತಿಗೆ ನಿಂತುಹೋಗುತ್ತಿತ್ತು. ಅವಳ ತಮ್ಮನು ಹೈಸ್ಕೂಲಿಗಾಗಿ ಪೇಟೆಗೆ ಹೋಗುವುದನ್ನು ಅವಳು ಜಗಲಿಯಲ್ಲಿ ನಿಂತು ನೋಡಿದಳು. 1953ರಲ್ಲಿ ಮದರಾಸು ಸರಕಾರ ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಅರ್ಧ ದಿನದ ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆಯನ್ನು ತಂದಾಗ ದೊಡ್ಡ ವಿರೋಧವೆದ್ದು, 1954ರಲ್ಲಿ ಅದು ರದ್ದಾಯಿತು. ಮನೆಕೆಲಸಕ್ಕಾಗಿ ಶಾಲೆ ಬಿಟ್ಟ ಹೆಣ್ಣುಮಕ್ಕಳ ಪಾಲಿಗೆ ಅಂತಹದೊಂದು ಯೋಜನೆ ಯಾವ ಆಜ್ಞೆಯೂ ಇಲ್ಲದೆ ಮೊದಲಿನಿಂದಲೂ ಜಾರಿಯಲ್ಲಿತ್ತು.

ಆ ವರ್ಷಗಳ ದೊಡ್ಡ ಸಂಭ್ರಮವೆಂದರೆ 1953ರ ಮಾರ್ಚಿಯಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಮಹಾಮಸ್ತಕಾಭಿಷೇಕ. ಹಿಂದಿನದು 1940ರಲ್ಲಿ, ಯುದ್ಧದ ನಡುವೆ ನಡೆದಿತ್ತು. ಸ್ವಾತಂತ್ರ್ಯಾನಂತರ ಇದೇ ಮೊದಲನೆಯದು. ಮಂಗಳೂರು–ಹಾಸನ ರೈಲುದಾರಿ ಇನ್ನೂ ಇರಲಿಲ್ಲ. ಘಟ್ಟ ಹತ್ತುವ ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟವರು ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ, ಎಂದರೆ ಬೇರೊಂದು ರಾಜ್ಯಕ್ಕೆ ಹೋಗುತ್ತಿದ್ದರು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಆ ಗಡಿ ಅಳಿಯಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿ, ಬಂಗ್ರಮಂಜೇಶ್ವರದ ಬಸದಿಗಳು ಹೊಸ ಗಡಿಯ ಆಚೆ ಉಳಿದವು.

ಮನೆಗಳನ್ನು ಬದಲಿಸಿದ ಮಾತು ಮಾತ್ರ ಸದ್ದಿಲ್ಲದೆ ಮೊದಲೇ ಬಂದಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬದ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ನೀಡಿತು. ಚಾವಡಿಯಲ್ಲಿ ಮಾವಂದಿರು ತಗ್ಗಿದ ದನಿಯಲ್ಲಿ ಆಡುತ್ತಿದ್ದ 'ಕವರು', 'ಹಿಸ್ಸೆ' ಎಂಬ ಮಾತುಗಳು ಮಕ್ಕಳ ಕಿವಿಗೂ ಬಿದ್ದವು. ಒಂದು ಅಡಿಗೆಮನೆ ಮೂರಾಯಿತು; ಪತ್ತಾಯದ ಕೀಲಿಕೈ ಕೈ ಬದಲಿಸಿತು. ಪಾಲುಪಟ್ಟಿಯಲ್ಲಿ ಗದ್ದೆ, ತೋಟ, ಪಾತ್ರೆಗಳು ಹಂಚಿಹೋದವು. ಬಸದಿಯ ಅಮೃತಪಡಿಯನ್ನು ಮಾತ್ರ ಹಂಚುವ ಬಗೆ ತಿಳಿಯದೆ ಎಷ್ಟೋ ಕಡೆ ಕವರುಗಳಿಗೆ ಸರದಿ ಹಾಕಲಾಯಿತು. 1974ರ ಭೂಸುಧಾರಣೆ ಉಳುವವನಿಗೆ ಭೂಮಿಯನ್ನು ಕೊಟ್ಟಿತು. ಅದು ನ್ಯಾಯವೇ ಆಗಿತ್ತು. ಆದರೆ ಗೇಣಿಯ ಅಕ್ಕಿಯೊಡನೆ ಬಸದಿಯ ಪಾಲೂ ನಿಂತಿತು, ಸರದಿಗೆ ಅರ್ಥವುಳಿಯಲಿಲ್ಲ. ಕೆಲವು ಬಸದಿಗಳ ಬಾಗಿಲು ದಿನಕ್ಕೊಮ್ಮೆ ತೆರೆಯುವುದೂ ಕಷ್ಟವಾದ ಕಾಲ ಬಂದಿತು.

ಜೀರ್ಣೋದ್ಧಾರ, ಪಂಚಕಲ್ಯಾಣಗಳಿಗಾಗಿ ಈಗ ಹಲವು ಕಡೆ ಸಮಿತಿಗಳಿವೆ. ಮನೆಯ ಸರದಿಯ ಸ್ಥಾನದಲ್ಲಿ ದಿನಕ್ಕೊಂದು ಹೆಸರಿನ ಸೇವಾಪಟ್ಟಿ ಇದೆ. ಅದರಲ್ಲಿರುವ ವಿಳಾಸಗಳು ಮುಂಬಯಿಯವು, ಬೆಂಗಳೂರಿನವು, ಕೆಲವು ಕಡಲಾಚೆಯವು. ಆದರೂ ಹಣ ಕಳುಹಿಸುವವರು ತಮ್ಮ ಹೆಸರಿನ ಜೊತೆಗೆ ಹಳೆಯ ಮನೆಯ ಹೆಸರನ್ನೂ ಬರೆಸುತ್ತಾರೆ. ಆ ಮನೆಯ ಅಡಿಪಾಯದ ಕಲ್ಲುಗಳೂ ಈಗ ಇಲ್ಲದಿದ್ದರೂ ಬರೆಸುತ್ತಾರೆ.