ಪಿಡುಗಿನ ದಿನಗಳಲ್ಲಿ ನಮ್ಮ ದಂಡಿನ ಬೀದಿಗಳು



ನಮ್ಮ ದೇವಾಲಯದ ಅಡಿಗಲ್ಲು, ಗೋಪುರ, ಗಂಟೆಗಳನ್ನು ಕುರಿತೂ ಇಲ್ಲಿ ಸೇವೆ ಸಲ್ಲಿಸಿ ಪ್ರಭುವಿನಲ್ಲಿ ನಿದ್ರಿಸಿದ ಗುರುವರ್ಯರನ್ನು ಕುರಿತೂ ಈ ಶತಮಾನೋತ್ಸವ ಸಂಚಿಕೆಯಲ್ಲಿ ಬಲ್ಲವರು ಬರೆದಿದ್ದಾರೆ. ಸಂಚಿಕೆಯ ಸಮಿತಿಯವರು ನಮ್ಮಿಂದಲೂ ಒಂದು ಚಾರಿತ್ರಿಕ ಲೇಖನವನ್ನು ಅಪೇಕ್ಷಿಸಿದಾಗ, ಬೇರಾರೂ ಕೈಹಾಕದೆ ಬಿಟ್ಟಿದ್ದ ವಿಷಯವೊಂದನ್ನು ನಾವು ಆರಿಸಿಕೊಂಡೆವು. ಸಾಂಕ್ರಾಮಿಕ ರೋಗಗಳು ಈ ದಂಡು ಪ್ರದೇಶಕ್ಕೆ ಬಂದಾಗ ಇಲ್ಲಿನ ಸಾಮಾನ್ಯ ಜನರು ಯಾವುದಕ್ಕೆ ಅಂಜಿದರು, ಹೇಗೆ ಸಿದ್ಧರಾದರು ಎಂಬುದೇ ಆ ವಿಷಯ. ಹಬ್ಬದ ಸಂಚಿಕೆಗೆ ಇದು ತಕ್ಕುದೇ ಎಂದು ಸಮಿತಿಯ ಹಿರಿಯರೊಬ್ಬರು ಮೆಲ್ಲನೆ ಕೇಳಿದರು. 2020ರ ಪುನರುತ್ಥಾನ ಹಬ್ಬದಂದು ಬರಿದಾದ ಬೆಂಚುಗಳ ಮುಂದೆ ಬಲಿಪೂಜೆ ಅರ್ಪಿಸಿದ ನಮಗೆ, ಅದನ್ನು ಬಿಟ್ಟು ಬರೆದ ಚರಿತ್ರೆಯು ಅರ್ಧ ಚರಿತ್ರೆಯೆಂದೇ ತೋರಿತು.

ಮೊದಲು 1898ರ ಮಾತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಾದಿ ಹಿಡಿದು ಹುಬ್ಬಳ್ಳಿಗೆ ಬಂದು, ಅಲ್ಲಿಂದ 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಹೊಕ್ಕಿತು. ಆಗ ಬೆಂಗಳೂರೆಂದರೆ ಎರಡು ಊರು. ಒಂದು ಮೈಸೂರು ಸಂಸ್ಥಾನಕ್ಕೆ ಸೇರಿದ ಪೇಟೆ. ಮತ್ತೊಂದು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿದ್ದ ದಂಡು. ಇಂದು ಶಿವಾಜಿನಗರವೆನಿಸಿರುವ ಬ್ಲಾಕ್‌ಪಳ್ಳಿಯು ದಂಡಿನಲ್ಲಿ ಬಹಳ ಇಕ್ಕಟ್ಟಾದ ಭಾಗವಾಗಿತ್ತು. ಪಲ್ಟಣಗಳನ್ನೂ ದೊರೆಗಳ ಬಂಗಲೆಗಳನ್ನೂ ನಂಬಿ ಬಂದ ಅಡಿಗೆಯವರು, ಬಟ್ಲರುಗಳು, ದರ್ಜಿಗಳು, ಗಾಡಿ ಹೊಡೆಯುವವರು ಅಲ್ಲಿ ಒತ್ತೊತ್ತಾಗಿ ವಾಸಿಸುತ್ತಿದ್ದರು. ನಮ್ಮ ಹಿರಿಯರಲ್ಲಿ ಅನೇಕರು ಅವರೇ. ಅವರ ನಡುವೆ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠಾಪನೆಗೊಂಡ ಸಂತ ಮರಿಯಮ್ಮನವರ ದೇವಾಲಯ ನಿಂತಿತ್ತು. ಅದನ್ನು ಕಟ್ಟಿಸಿದ ಪೂಜ್ಯ ಕ್ಲೈನರ್ ಸ್ವಾಮಿಗಳವರೇ ಪ್ಲೇಗಿನ ಕಾಲದಲ್ಲಿ ಮೈಸೂರು ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾಗಿದ್ದರು.

ರೋಗದ ಮೊದಲ ಸುದ್ದಿಯನ್ನು ತರುತ್ತಿದ್ದುದು ಇಲಿ. ‘ಇಲಿ ಬಿತ್ತು’ ಎಂಬ ಎರಡೇ ಮಾತು ಒಂದು ಬೀದಿಯನ್ನು ಬರಿದುಮಾಡಲು ಸಾಕಾಗಿತ್ತು. ಅಟ್ಟದಿಂದ ಸತ್ತ ಇಲಿ ಬಿದ್ದರೆ ಮನೆಮಂದಿಯೆಲ್ಲ ಪಾತ್ರೆಪಡಗ ಕಟ್ಟಿಕೊಂಡು ಊರಾಚೆಯ ಬಯಲಿಗೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇದನ್ನು ಅವಿದ್ಯಾವಂತರ ಗಾಬರಿಯೆಂದು ತಳ್ಳಿಹಾಕಿದವರುಂಟು. ಆದರೆ ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂಬುದನ್ನು ಫ್ರೆಂಚ್ ವೈದ್ಯ ಸಿಮೋಂ ಅವರು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದುದೂ ಅದೇ 1898ರಲ್ಲಿ. ವಿದ್ವಾಂಸರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳೇ ಹಿಡಿದುವು. ಸತ್ತ ಇಲಿಯನ್ನು ಕಂಡೊಡನೆ ಮನೆ ಬಿಟ್ಟ ನಮ್ಮ ಅಜ್ಜಿಯರು ವಿದ್ವಾಂಸರಿಗಿಂತ ಮುಂದಿದ್ದರೆಂದು ಹೇಳಿದರೆ ತಪ್ಪಾಗಲಾರದು.

ಸರಕಾರದ ಸಿದ್ಧತೆ ಬೇರೆ ಬಗೆಯದು. ಪ್ಲೇಗಿಗಾಗಿಯೇ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯೊಂದನ್ನು ಮಾಡಿ ಅಧಿಕಾರಿಗಳ ಕೈಗೆ ವಿಶೇಷ ಅಧಿಕಾರಗಳನ್ನು ಕೊಡಲಾಗಿತ್ತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಮನೆಮನೆಯ ಶೋಧನೆ, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಪ್ರತ್ಯೇಕವಾಸದ ಶಿಬಿರಕ್ಕೂ ಸಾಗಿಸುವುದು, ಬಿಸಿಲು ಬೀಳಲೆಂದು ಹೆಂಚು ತೆಗೆಸುವುದು, ಬಟ್ಟೆಬರೆಗಳನ್ನು ಸುಡುವುದು, ಇವೆಲ್ಲ ಆ ಕಾಲದ ಪ್ಲೇಗು ನಿವಾರಣೆಯ ಕ್ರಮಗಳು. ಇವುಗಳಲ್ಲಿ ಕೆಲವು ಅಗತ್ಯವಾಗಿದ್ದುವು. ಆದರೆ ಗಂಡಸು ಬಂದು ಹೆಣ್ಣುಮಗಳ ಕಂಕುಳಲ್ಲಿ ಗಡ್ಡೆಯಿದೆಯೇ ಎಂದು ನೋಡುವುದನ್ನೂ, ತಾಯಿಯನ್ನು ಒಂದು ಗಾಡಿಯಲ್ಲಿ ಮಗುವನ್ನು ಇನ್ನೊಂದು ಗಾಡಿಯಲ್ಲಿ ಒಯ್ಯುವುದನ್ನೂ ಯಾವ ಮನೆಯವರು ತಾನೇ ಸಹಿಸಿಯಾರು? ಆಸ್ಪತ್ರೆಗೆ ಹೋದವರ ದೇಹದಿಂದ ಎಣ್ಣೆ ತೆಗೆಯುತ್ತಾರೆಂಬ ವದಂತಿ ಮುಂಬಯಿಯಲ್ಲಿ ಹಬ್ಬಿ, 1896ರಲ್ಲಿ ಅಲ್ಲಿನ ಗಿರಣಿ ಕೆಲಸಗಾರರು ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆಯೇ ಬಿದ್ದರು. ನಮ್ಮ ನಾಡಿನಲ್ಲೇ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ 1898ರಲ್ಲಿ ಪ್ಲೇಗು ಕ್ರಮಗಳ ವಿರುದ್ಧ ದಂಗೆಯೆದ್ದಿತು. ದೇಶದ ಹಲವೆಡೆ ಜನರು ರೋಗಿಗಳನ್ನು ಬಚ್ಚಿಟ್ಟರು. ಸತ್ತವರನ್ನು ರಾತ್ರೋರಾತ್ರಿ ಗುಟ್ಟಾಗಿ ಮಣ್ಣುಮಾಡಿದರು. ರೋಗದಿಂದ ಸಾಯುವುದು ದೇವರ ಚಿತ್ತವೆಂದು ಒಪ್ಪಿದವರಿಗೂ, ತಮ್ಮವರು ಯಾರೂ ಪಕ್ಕದಲ್ಲಿಲ್ಲದೆ, ಎಲ್ಲಿ ಹೂತರೆಂದೂ ತಿಳಿಯದೆ ಹೋಗುವುದನ್ನು ಒಪ್ಪುವುದು ಆಗಲಿಲ್ಲ.

1891ರ ಜನಗಣತಿಯಲ್ಲಿ 1,00,081 ಇದ್ದ ದಂಡಿನ ಜನಸಂಖ್ಯೆ 1901ರಲ್ಲಿ 89,599ಕ್ಕೆ ಇಳಿದಿತ್ತು. ಇವರೆಲ್ಲ ಸತ್ತವರಲ್ಲ, ಊರು ಬಿಟ್ಟು ಹೋಗಿ ಮರಳದವರೂ ಇದರಲ್ಲಿ ಸೇರಿದ್ದಾರೆ. ನೆರೆಹೊರೆಯ ಹಿಂದೂ ಬಂಧುಗಳು ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ನಮ್ಮವರು, ರೋಮಾಪುರಿಯ ಕಾಲದಿಂದಲೂ ಪಿಡುಗಿನ ವಿರುದ್ಧ ಆಶ್ರಯವೆನಿಸಿದ ಸಂತ ಸೆಬಾಸ್ಟಿಯನ್ನರ ಮೊರೆಹೊಕ್ಕರು. ಆ ಮಾರಿಯ ನಂತರ ಊರಿನ ರೂಪವೇ ಬದಲಾದುದನ್ನು ನೀವು ಬಲ್ಲಿರಿ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದುವು; 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಪ್ರಾರಂಭವಾಯಿತು; ಪ್ಲೇಗು ಕಾರ್ಯಕ್ಕೆಂದು ದೂರವಾಣಿ ತಂತಿಗಳನ್ನೂ ಎಳೆದರು. ಬ್ಲಾಕ್‌ಪಳ್ಳಿಯ ಇಕ್ಕಟ್ಟನ್ನು ಸಡಿಲಿಸಲು ರೂಪುಗೊಂಡ ಫ್ರೇಜರ್ ಟೌನಿನಲ್ಲಿ ಇಲಿ ತೂರದಂಥ ಮನೆಗಳನ್ನು ಯೋಜಿಸಿದ ಇಂಜಿನಿಯರ್ ಸ್ಟೀಫನ್ಸರ ಹೆಸರು ಅಲ್ಲಿಯ ಒಂದು ರಸ್ತೆಗೆ ಇಂದಿಗೂ ಇದೆ.

1918ರ ಇನ್‌ಫ್ಲುಯೆಂಜಾದ ವಿಷಯವಾಗಿ ಹೆಚ್ಚು ಬರೆಯಲಾರೆವು. ಅದು ಮಹಾಯುದ್ಧದ ಕೊನೆಯಲ್ಲಿ ಹಡಗುಗಳಲ್ಲಿ ಮುಂಬಯಿಗೆ ಬಂದು, ಕೆಲವೇ ತಿಂಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂಡೊಯ್ದಿತು. ಅದಕ್ಕೆ ಇಲಿಯಂಥ ಮುನ್ಸೂಚನೆ ಇರಲಿಲ್ಲ. ಓಡಿಹೋಗಲು ಬಯಲೂ ಇರಲಿಲ್ಲ. ಮನುಷ್ಯರಿಂದ ಅದರ ವೈರಸ್ಸನ್ನು ಬೇರ್ಪಡಿಸಲು ಸಾಧ್ಯವಾದುದು 1933ರಲ್ಲಿ. ಅಷ್ಟು ದೊಡ್ಡ ಸಾವು ನಮ್ಮ ಮನೆಗಳ ಮಾತುಕತೆಯಿಂದ ಹೇಗೆ ಅಳಿಸಿಹೋಯಿತೆಂಬುದು ನಮಗೆ ಈಗಲೂ ಸೋಜಿಗ. ಪ್ಲೇಗಿನ ಕಥೆ ಹೇಳುವ ವೃದ್ಧರನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಇನ್‌ಫ್ಲುಯೆಂಜಾದ ಕಥೆ ಹೇಳಿದವರೊಬ್ಬರನ್ನೂ ಕಾಣೆವು.

ಇನ್ನು ನಾವೇ ಕಂಡ ಪಿಡುಗು. 2020ರ ಜನವರಿ 30ರಂದು ಕೇರಳದಲ್ಲಿ ಮೊದಲ ಕೊರೋನಾ ರೋಗಿ ಪತ್ತೆಯಾದರು. ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ತಪಸ್ಸುಕಾಲದ ಮೊದಲ ಭಾನುವಾರವಾದ ಮಾರ್ಚ್ 1ರಂದು ಪ್ರಬೋಧನೆಯಲ್ಲಿ ನಾವು, ಇದು ದೂರದೇಶದ ಸುದ್ದಿ, ಅಂಜಬೇಡಿರಿ ಎಂದೆವು. ಅಂದು ಪೂಜೆ ಮುಗಿದ ಮೇಲೆ, ಇಂದಿರಾನಗರದ ಮನೆಗಳಲ್ಲಿ ಕೆಲಸ ಮಾಡುವ ತಾಯಿಯೊಬ್ಬರು, ‘ಸ್ವಾಮಿ, ಎರಡು ತಿಂಗಳ ಅಕ್ಕಿ ತಂದಿಟ್ಟುಕೊಳ್ಳಲೇ?’ ಎಂದು ಕೇಳಿದರು. ಬೇಡವೆಂದೆವು. ಮಾರ್ಚ್ 9ಕ್ಕೆ ಬೆಂಗಳೂರಿನಲ್ಲೇ ರೋಗ ಪತ್ತೆಯಾದ ಸುದ್ದಿ ಬಂದಿತು. 10ರಂದು ಕಲಬುರಗಿಯಲ್ಲಿ ತೀರಿಕೊಂಡ ವೃದ್ಧರದು ದೇಶದಲ್ಲೇ ಮೊದಲ ಕೊರೋನಾ ಸಾವೆಂದು ಆಮೇಲೆ ತಿಳಿಯಿತು. 14ರಿಂದ ಚಿತ್ರಮಂದಿರ, ಮಾಲುಗಳು ಮುಚ್ಚಿದುವು. ತಪಸ್ಸುಕಾಲದ ನಾಲ್ಕನೆಯ ಭಾನುವಾರ, ಮಾರ್ಚ್ 22, ಜನತಾ ಕರ್ಫ್ಯೂ. 25ರಿಂದ ಇಡೀ ದೇಶಕ್ಕೇ ಬೀಗ. ಆ ತಾಯಿ ನಮ್ಮ ಮಾತು ಕೇಳದೆ ಅಕ್ಕಿ ತಂದಿಟ್ಟಿದ್ದರೆಂದು ಆಮೇಲೆ ತಿಳಿದು ನೆಮ್ಮದಿಯಾಯಿತು.

ಆ ದಿನಗಳ ಸಿದ್ಧತೆಗಳು ಮನೆಗೊಂದು ತೆರ. ಹಣವಿದ್ದವರು ಬೇಳೆ, ಎಣ್ಣೆ, ಗ್ಯಾಸ್ ಸಿಲಿಂಡರು, ರಕ್ತದೊತ್ತಡದ ಮಾತ್ರೆ ಕೂಡಿಟ್ಟರು. ದಿನಗೂಲಿಯವರಿಗೆ ಕೂಡಿಡುವುದೇನಿತ್ತು? ಕೆ.ಆರ್.ಪುರದ ಕಡೆಯಿಂದ ಬರುವ ಬಣ್ಣ ಬಳಿಯುವ ಕೆಲಸದವರು, ಶಿವಾಜಿನಗರದ ಆಟೋದವರು, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಹೊಲಿದುಕೊಡುವ ದರ್ಜಿಗಳು ವಾರದೊಳಗೇ ಬರಿಗೈಯಾದರು. ಮನೆಗೆಲಸದ ಹೆಂಗಸರಿಗೆ ‘ಬರಬೇಡಿ’ ಎಂಬ ದೂರವಾಣಿ ಕರೆ ಬಂದಿತು. ಸಂಬಳದ ಮಾತನ್ನು ಕೆಲವರು ಎತ್ತಿದರು, ಹಲವರು ಎತ್ತಲಿಲ್ಲ. ಅಡಿಗೆಮನೆಗಳಲ್ಲಿ ಮೆಣಸು, ಶುಂಠಿ, ತುಳಸಿಯ ಕಷಾಯ ಕುದಿಯಿತು. ಬಾಗಿಲಿಗೆ ಬೇವಿನ ಸೊಪ್ಪು ಬಂದಿತು. ನಮ್ಮ ಧರ್ಮಕೇಂದ್ರದ ಹೊಲಿಗೆಯ ಹೆಂಗಸರು ಬಲಿಪೀಠದ ವಸ್ತ್ರಕ್ಕೆಂದು ತಂದಿಟ್ಟಿದ್ದ ಬಿಳಿಯ ಬಟ್ಟೆಯನ್ನು ನಮ್ಮ ಅಪ್ಪಣೆಗೂ ಕಾಯದೆ ಕತ್ತರಿಸಿ ಮುಖಗವುಸು ಹೊಲಿದು ಹಂಚಿದರು. ದೇವಾಲಯದ ಬಾಗಿಲಲ್ಲಿನ ತೀರ್ಥದ ಬಟ್ಟಲುಗಳನ್ನು ನಾವೇ ಬರಿದುಮಾಡಿ ಒರೆಸಿದೆವು. ಆ ಕೆಲಸ ಮಾಡುವಾಗ ಕೈ ನಡುಗಿದುದನ್ನು ಬರೆಯಲು ಸಂಕೋಚವಿಲ್ಲ.

ಮಾರ್ಚ್ 27ರ ಸಂಜೆ, ಮಳೆ ಸುರಿಯುತ್ತಿದ್ದ ಸಂತ ಪೇತ್ರರ ಚೌಕದಲ್ಲಿ ಅಂದಿನ ಜಗದ್ಗುರುಗಳಾದ ಫ್ರಾನ್ಸಿಸರು ಒಬ್ಬರೇ ನಿಂತು ಪ್ರಾರ್ಥಿಸಿದುದನ್ನು ನೀವೂ ನೋಡಿರಬೇಕು. 1522ರ ಪಿಡುಗಿನಲ್ಲಿ ರೋಮಾಪುರಿಯ ಬೀದಿಗಳಲ್ಲಿ ಹೊತ್ತು ನಡೆದ ಶಿಲುಬೆಯನ್ನೇ ಅಂದು ಅಲ್ಲಿ ನಿಲ್ಲಿಸಿದ್ದರು. ಗರಿಗಳ ಭಾನುವಾರ ಗರಿಗಳಿಲ್ಲದೆ ಕಳೆಯಿತು. ಏಪ್ರಿಲ್ 12ರ ಪುನರುತ್ಥಾನ ಹಬ್ಬದಂದು ಜನರು ಹೊಸ ಬಟ್ಟೆಯುಟ್ಟು, ಅಂಗೈಯಷ್ಟಗಲದ ಫೋನಿನ ಮುಂದೆ ಮೊಣಕಾಲೂರಿದರು.

ಈಗ ಹಳೆಯ ಪ್ಲೇಗಿನ ನೆನಪನ್ನು ಇದರ ಪಕ್ಕದಲ್ಲಿಡಿರಿ. ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರ ಹೊರಡಿಸಿದ ನಿಯಮಗಳಿಗೆ ಆಧಾರವಾದುದು ಅದೇ 1897ರ ಕಾಯಿದೆ. ವಿದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ ಬಿದ್ದಿತು. ಅವರ ಮನೆಗಳ ವಿಳಾಸಗಳ ಪಟ್ಟಿ ಪ್ರಕಟವಾಯಿತು. ಬಾಗಿಲಿಗೆ ಚೀಟಿ ಅಂಟಿತು. ರೋಗ ಕಂಡ ಬೀದಿಗೆ ಅಡ್ಡಗಟ್ಟಿದರು. ಜುಲೈ ತಿಂಗಳಲ್ಲಿ ನಗರದ ಒಂದು ವಸತಿ ಸಮುಚ್ಚಯದಲ್ಲಿ ಎರಡು ಮನೆಗಳ ಬಾಗಿಲಿಗೇ ತಗಡು ಹೊಡೆದು, ಬಳಿಕ ಪಾಲಿಕೆಯ ಆಯುಕ್ತರು ಕ್ಷಮೆ ಕೋರಿ ಅದನ್ನು ತೆಗೆಸಿದರು. ಅಧಿಕಾರಿಗಳಿಗೂ ಅಂಜಿಕೆಯಿತ್ತು, ಅವರಲ್ಲೂ ಸತ್ತವರಿದ್ದಾರೆ ಎಂಬುದನ್ನು ಮರೆಯಬಾರದು. ಆದರೆ ಜನರು ಪರೀಕ್ಷೆಗೆ ಹೋಗದೆ ಜ್ವರವನ್ನು ಮುಚ್ಚಿಟ್ಟುದರ ಕಾರಣ, ನಾವು ಕೇಳಿದ ಮಟ್ಟಿಗೆ, ರೋಗದ ಅಜ್ಞಾನವಲ್ಲ. ‘ಆಂಬುಲೆನ್ಸ್ ಬಂದರೆ ಬೀದಿಯೆಲ್ಲ ನೋಡುತ್ತದೆ; ಹೋದವರನ್ನು ಮತ್ತೆ ನೋಡಲು ಬಿಡುವುದಿಲ್ಲ’ ಎಂಬುದೇ ಎಲ್ಲರ ಮಾತು. ನಮ್ಮಲ್ಲಿ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷು ಎಂದು ಪೂಜೆಯ ಹೊತ್ತುಗಳಿಗಾಗಿ ಜಗಳವಾಡುವವರುಂಟು. ಆ ವರ್ಷ ನಾಲ್ಕು ಭಾಷೆಗಳಲ್ಲೂ ಒಂದೇ ಮಾತನ್ನು ಕೇಳಿದೆವು.

ಜೂನ್ ತಿಂಗಳ ಕೊನೆಯಲ್ಲಿ ಬಳ್ಳಾರಿಯಿಂದ ಬಂದ ದೃಶ್ಯವೊಂದು ಈ ಭಯಕ್ಕೆ ತುಪ್ಪ ಸುರಿಯಿತು. ಕೊರೋನಾದಿಂದ ತೀರಿಕೊಂಡವರ ಶವಗಳನ್ನು ಕಪ್ಪು ಹಾಳೆಯಲ್ಲಿ ಸುತ್ತಿ ಒಂದೇ ಗುಂಡಿಗೆ ಒಂದರ ಮೇಲೊಂದು ಎಸೆದ ದೃಶ್ಯವದು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆದರೆ ಅಷ್ಟರಲ್ಲಿ ಅದು ಪ್ರತಿಯೊಂದು ಫೋನಿಗೂ ತಲುಪಿತ್ತು. ಅದಾದ ಮೂರನೆಯ ದಿನ ಹಲಸೂರಿನ ವಿಧವೆಯೊಬ್ಬರು ನಮ್ಮ ಗೇಟಿನ ಬಳಿ ಬಂದು, ಕಂಬಿಗಳ ಸಂದಿನಿಂದ ಒಂದು ಗಂಟನ್ನು ನೀಡಿದರು. ಅದರಲ್ಲಿ ಮಡಿಮಾಡಿದ ಬಿಳಿ ಸೀರೆ, ಒಂದು ಜಪಸರ, ಲಕೋಟೆಯಲ್ಲಿ ಹದಿನೆಂಟು ಸಾವಿರ ರೂಪಾಯಿ. ‘ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎಲ್ಲಾದ್ರೂ ಹಾಕ್ಬಿಡ್ತಾರಂತೆ ಸ್ವಾಮಿ. ನನ್ನ ಮಾತ್ರ ನಮ್ಮ ಯಜಮಾನ್ರ ಪಕ್ಕಾನೇ ಮಲಗಿಸ್ಬೇಕು’ ಎಂದರು. ಅಕ್ಕಿ, ಕಷಾಯ, ಮುಖಗವುಸುಗಳೆಲ್ಲಕ್ಕಿಂತ ಮೊದಲು ಆ ತಾಯಿ ಮಾಡಿಕೊಂಡ ಸಿದ್ಧತೆ ಇದು. ನಮ್ಮಿಂದ ಆಗುವ ಮಾತೋ ಅಲ್ಲವೋ ತಿಳಿಯದೆಯೇ ಮಾತು ಕೊಟ್ಟೆವು.

ಆ ಮಾತನ್ನು ಬೇರೆ ಎಷ್ಟೋ ಮನೆಗಳಿಗೆ ಉಳಿಸಿಕೊಟ್ಟವರು ನಾವಲ್ಲ, ಯುವಕರು. ನಮ್ಮ ಮಹಾಧರ್ಮಕ್ಷೇತ್ರದ ತರುಣರೂ ನಗರದ ಮುಸ್ಲಿಂ ತರುಣರ ತಂಡಗಳೂ ಮೈತುಂಬ ಕವಚ ತೊಟ್ಟು, ಜಾತಿ ಮತ ಕೇಳದೆ, ಶವಗಳನ್ನು ಹೊತ್ತು ಮರ್ಯಾದೆಯಿಂದ ಮಣ್ಣುಮಾಡಿದರು, ಸುಟ್ಟರು. 2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ನಗರದ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದಾಗ ಅವರಿಲ್ಲದಿದ್ದರೆ ಏನಾಗುತ್ತಿತ್ತೋ. ಆಸ್ಪತ್ರೆಗಳೊಳಗೆ ಹೋಗಲಾಗದ ಗುರುಗಳಿಗೆ, ವಾರ್ಡಿನ ಬಾಗಿಲಲ್ಲೇ ನಿಂತು ಸಾಮೂಹಿಕ ಪಾಪಕ್ಷಮೆ ನೀಡಬಹುದೆಂದು ರೋಮಾಪುರಿಯಿಂದ 2020ರ ಮಾರ್ಚ್‌ನಲ್ಲೇ ತಿಳಿವಳಿಕೆ ಬಂದಿತ್ತು. ನಾವು ಹೆಚ್ಚಾಗಿ ಮಾಡಿದುದು ಫೋನಿನಲ್ಲಿ. ದಾದಿಯೊಬ್ಬಳು ರೋಗಿಯ ಕಿವಿಗೆ ಫೋನು ಹಿಡಿದಾಗ ನಾವು ಇತ್ತಕಡೆಯಿಂದ ಪ್ರಾರ್ಥನೆ ಹೇಳಿದೆವು. ಆ ದಾದಿಯರಲ್ಲಿ ಅನೇಕರ ಹೆಸರನ್ನೂ ನಾವು ಕೇಳಿಕೊಳ್ಳಲಿಲ್ಲ.

ಲಸಿಕೆ ಬಂದಾಗಲೂ ಹಳೆಯ ಕಥೆಯೇ ಹೊಸ ಅಂಗಿ ತೊಟ್ಟು ಬಂದಿತು. ಹಾಫ್‌ಕಿನ್ನರ ಪ್ಲೇಗು ಲಸಿಕೆಯನ್ನು ಕಂಡು ಹೆದರಿದವರ ಮರಿಮಕ್ಕಳು, ಸೂಜಿ ಚುಚ್ಚಿಸಿಕೊಂಡವರು ಎರಡೇ ವರ್ಷ ಬದುಕುವರೆಂಬ ಸುದ್ದಿಯನ್ನು ಫೋನಿನಿಂದ ಫೋನಿಗೆ ಕಳಿಸಿದರು. ಬುದ್ಧಿ ಹೇಳಿದರೆ ಕೇಳುವವರು ಕಡಿಮೆ. ನಾವು ಮೊದಲು ಹೋಗಿ ಚುಚ್ಚಿಸಿಕೊಂಡು ಬಂದು, ಮರುದಿನ ಎಂದಿನಂತೆ ಅಂಗಳದಲ್ಲಿ ನಡೆದಾಡಿದುದನ್ನು ನೋಡಿದ ಮೇಲೆ ಕೆಲವರು ಹೋದರು.

ಸೆಪ್ಟೆಂಬರ್ 8ರ ಶಿವಾಜಿನಗರದ ಜಾತ್ರೆ 2022ರಲ್ಲಿ ಕಾವಿಯುಟ್ಟ ಹರಕೆಯವರಿಂದ ಮತ್ತೆ ತುಂಬಿತು. ಅದರ ಮುಂದಿನ ವಾರ ಹಲಸೂರಿನ ಆ ತಾಯಿ ನಮ್ಮಲ್ಲಿಗೆ ಬಂದರು. ‘ಸ್ವಾಮಿ, ಆ ಗಂಟು ಸ್ವಲ್ಪ ಕೊಡಿ, ಮೊಮ್ಮಗಳಿಗೆ ಕಾಲೇಜು ಫೀಸು ಕಟ್ಟಬೇಕು’ ಎಂದರು. ಲಕೋಟೆಯನ್ನು ತೆಗೆದುಕೊಂಡು, ನಮ್ಮೆದುರಿಗೇ ಎರಡು ಸಲ ಎಣಿಸಿ, ಸೀರೆಯನ್ನೂ ಜಪಸರವನ್ನೂ ಮತ್ತೆ ಗಂಟು ಕಟ್ಟಿ ಮೇಜಿನ ಮೇಲೆ ಇಟ್ಟರು. ‘ಇದು ನಿಮ್ಮಲ್ಲೇ ಇರ್ಲಿ’ ಎಂದು ಹೇಳಿ ಹೊರಟುಹೋದರು. ಪೂಜಾವಸ್ತ್ರಗಳ ಬೀರುವಿನ ಕೆಳಗಿನ ಅರೆಯಲ್ಲಿ ಅದು ಈಗಲೂ ಇದೆ.